ಒಪ್ಪಿಕೊಂಡದ್ದು ತಪ್ಪನ್ನು ಮಾತ್ರ

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ, ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ್ದಕ್ಕೆ ನನ್ನ ಹೆಂಡತಿಯ ತಮ್ಮನಿಗೆ ಮ್ಯಾಜಿಸ್ಟ್ರೇಟರು ದಂಡದ ಜತೆಗೆ ಒಂದು ವಾರದ ಸಾದಾ ಸಜೆಯನ್ನೂ ವಿಧಿಸಿದರು. ರಾಯದುರ್ಗದಲ್ಲಿದ್ದುಕೊಂಡು ಸುತ್ತಲಿನ ಊರುಗಳ ಕೋರ್ಟ್ ಸುದ್ದಿ ಬರೆಯುವ ನಾನು ಹಿಂದಿನ ಬೆಂಚಿನಲ್ಲಿದ್ದೆ. ಆಂಧ್ರದ ಕೋರ್ಟಾದ್ದರಿಂದ, ತಪ್ಪು ಒಪ್ಪುತ್ತೀಯಾ ಎಂಬ ಪ್ರಶ್ನೆ ತೆಲುಗಿನಲ್ಲಿ ಬಂತು. ತಪ್ಪಾಯಿತು ಎಂದು ಅವನೂ ತೆಲುಗಿನಲ್ಲೇ ಹೇಳಿದ. ಅಪೀಲು ಹಾಕುತ್ತೇವೆಂದು ನಾನು ಅಲ್ಲಿದ್ದ ವಕೀಲರೊಬ್ಬರಿಂದ ಹೇಳಿಸಿದ್ದರಿಂದ ಅವತ್ತಿಗೆ ಜಾಮೀನು ಸಿಕ್ಕಿತು.

ಅಪೀಲು ಬೇಡವೆಂದವನು ಅವನೇ. ಗುಮ್ಮಘಟ್ಟದ ಹತ್ತಿರ ಅವನದು ಕುರಿ ಸಾಕುವ ಮನೆ. ಅವರ ಹಟ್ಟಿಯಲ್ಲಿ ಹಿರಿಯರ ಮುಂದೆ ತಪ್ಪೊಪ್ಪಿದವನು, ಅವರು ಹೇಳಿದ ಶಿಕ್ಷೆಗೆ ಎದುರಾಡುವಂತಿಲ್ಲ.

"ನಾನ ಬಾಯಿಬಿಟ್ಟು ಒಪ್ಕೊಂಡೀನ್ರಿ ಮಾವ. ಈಗ ಇಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಕುರಿಗಳು ಈಯುವ ಕಾಲ. ಜೈಲಿನಿಂದಲೇ ಕೂಗು, ಕುರಿಗಳಿಗೆ ಕೇಳಿಸುತ್ತದೆ ಎಂದು ಅವನ ಹೆಂಡತಿ ಹಂಗಿಸಿದಳು. ರುಮಾಲು ಬಿಚ್ಚಿ ಹೆಲ್ಮೆಟ್ ಹಾಕಿಕೋ ಅಂದಾಗ ಮರ್ಯಾದೆ ಹೋಗುತ್ತೆ ಅಂದವನು, ಈಗ ಅದೇ ಮರ್ಯಾದೆಗೆ ಜೈಲಿಗೆ ಹೊರಟಿದ್ದಾನೆ ಎಂದೂ ಹೇಳಿದಳು. ಅವನು ಜಗ್ಗಲಿಲ್ಲ.

ನನ್ನ ಜತೆ ಓದಿದ ವಕೀಲೆಯೊಬ್ಬರು ಮಡಕಶಿರಾದಲ್ಲಿದ್ದಾರೆ. ಸುಮ್ಮನೆ ಮಾತಾಡಿ ಬರೋಣ ಎಂದು ಅವನನ್ನು ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಅವನು ಕಿಟಕಿಯಾಚೆಗಿನ ಮಂದೆಗಳ ಬಗ್ಗೆಯೇ ಮಾತಾಡಿದ. ವಕೀಲೆ ತೀರ್ಪಿನ ನಕಲನ್ನು ಓದಿ, ಕನ್ನಡಕ ತೆಗೆದು ಅವನ ಕಡೆ ನೋಡಿದರು.

"ಹೆಲ್ಮೆಟ್ ಹಾಕಿರ್ಲಿಲ್ಲ ಅಂತ ತಾನೆ ನೀನು ಒಪ್ಕಂಡಿದ್ದು?"

"ಹೌದ್ರಿ ಅಮ್ಮಾರ."

"ಅದು ಹಂಗೇ ಇರ್ಲಿ ಬಿಡಪ್ಪ. ಈ ತಪ್ಪಿಗೆ ಕಾನೂನಲ್ಲಿ ದಂಡ ಐತೆ, ಮೂರು ತಿಂಗಳು ಲೈಸೆನ್ಸ್ ಅಮಾನತು ಐತೆ, ಜೈಲು ಇಲ್ವೇ ಇಲ್ಲ. ಇಲ್ಲದ್ದನ್ನ ನೀನು ಒಪ್ಕಂಡ್ರೂ ಕೊಡೋಕೆ ಬರಲ್ಲ."

ತಪ್ಪೊಪ್ಪಿಕೊಂಡವರು ಆ ತಪ್ಪಿನ ಬಗ್ಗೆ ಅಪೀಲು ಹೋಗುವಂತಿಲ್ಲ, ಆದರೆ ಶಿಕ್ಷೆ ಕಾನೂನಿಗೆ ಸರಿಯಾಗಿದೆಯೇ ಎಂದು ಮೇಲಿನ ಕೋರ್ಟನ್ನು ಕೇಳಬಹುದು ಎಂದು ಅವರು ವಿವರಿಸಿದರು. ಅವನು ರುಮಾಲಿನ ಚುಂಗು ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದ.

"ಹಂಗಾದ್ರ ನನ್ನ ಮಾತು ಸುಳ್ಳಾಗಂಗಿಲ್ಲೇನ್ರಿ?"

"ಆಗಲ್ಲ."

ಅವನು ವಕಾಲತ್ತಿಗೆ ಸಹಿ ಹಾಕಿದ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದ. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲವೆಂದು ಆಗ ಗೊತ್ತಾಯಿತು.

ಸೆಷನ್ಸ್ ಕೋರ್ಟಿನಲ್ಲಿ ವಾದ ಬೇಗ ಮುಗಿಯಿತು. ಕಾನೂನಿನ ಈ ಕಲಮಿನಲ್ಲಿ ಸಜೆ ಎಲ್ಲಿದೆ ತೋರಿಸಿ ಎಂದು ನ್ಯಾಯಾಧೀಶರು ಸರ್ಕಾರಿ ವಕೀಲರನ್ನು ಕೇಳಿದರು. ಇಲ್ಲ ಎಂದು ಅವರು ನೇರವಾಗಿಯೇ ಒಪ್ಪಿದರು. ತಪ್ಪಿತಸ್ಥನೆಂಬ ತೀರ್ಪು ಮತ್ತು ದಂಡ ಉಳಿದವು, ಸಜೆ ರದ್ದಾಯಿತು. ಹೊರಗೆ ಬಂದು ಇಂಗ್ಲಿಷಿನ ಆ ಆದೇಶವನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವನು ಮೊದಲು ಕೇಳಿದ್ದು, ತಪ್ಪು ತನ್ನ ಹೆಸರಿನಲ್ಲೇ ಇದೆ ತಾನೆ ಎಂದು. ಇದೆ ಅಂದೆ. ಆಮೇಲೆ ಹೆಂಡತಿಗೆ ಫೋನ್ ಮಾಡಿದ. ಆ ಕಡೆಯಿಂದ ಆಕೆ ನಕ್ಕದ್ದು ನನಗೂ ಕೇಳಿಸಿತು.

ದಂಡ ಕಟ್ಟಿಯಾಗಿದೆ. ಲೈಸೆನ್ಸ್ ಅಮಾನತಿನ ಅವಧಿಯೂ ಮುಗಿದಿದೆ. ಹೋದ ವಾರ ಅವನು ಗುಮ್ಮಘಟ್ಟದಿಂದ ರಾಯದುರ್ಗಕ್ಕೆ ಬೈಕಿನಲ್ಲಿ ಬಂದ. ತಲೆಯ ಮೇಲೆ ಹೆಲ್ಮೆಟ್ ಇತ್ತು, ರುಮಾಲನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ.