ಚಾಪೆ ಮಡಚಿದ ಮೇಲೆ

ನನ್ನ ಕುಂಕುಮದ ಭರಣಿಯ ತಳದಲ್ಲಿ ಒಂದು ಮೂಗುಬೊಟ್ಟು ಬಹಳ ದಿನ ಮಲಗಿತ್ತು. ಕೆಂಪು ಹರಳಿನದು, ಜೋಳದ ಕಾಳಿಗಿಂತ ಚಿಕ್ಕದು. ಕುಂಕುಮಕ್ಕೆಂದು ಬೆರಳದ್ದಿದಾಗೊಮ್ಮೆ ಉಗುರಿಗೆ ತಾಗಿ ತಾನಿದ್ದೇನೆಂದು ನೆನಪಿಸುತ್ತಿತ್ತು. ನಾನು ಕಂಡೂ ಕಾಣದವಳಂತೆ ಮುಚ್ಚಳ ಹಾಕಿಬಿಡುತ್ತಿದ್ದೆ. ಮೂಗಿನ ಮೇಲಿರಬೇಕಾದದ್ದು ಭರಣಿಗೆ ಯಾಕೆ ಸೇರಿತೆಂದು ನೀವು ಕೇಳಿದರೆ, ಮಿತ್ರರೇ, ನಾನು ಇಸ್ಪೀಟಿನಿಂದಲೇ ಶುರು ಮಾಡಬೇಕಾಗುತ್ತದೆ. ಹುಬ್ಬೇರಿಸಬೇಡಿ. ಏರಿಸಬೇಕಾದಷ್ಟನ್ನು ಹುಕ್ಕೇರಿಯ ನಮ್ಮ ಓಣಿಯವರು ಆಗಲೇ ಏರಿಸಿ ಮುಗಿಸಿದ್ದಾರೆ.

ನಾನು ಪೋಕರ್ ಪಂದ್ಯಾವಳಿಗಳಲ್ಲಿ ಆಡುವವಳು. ಎಲ್ಲರಿಗೂ ಸಮನಾಗಿ ಬಿಲ್ಲೆಗಳನ್ನು ಹಂಚಿ ಮೇಜಿನ ಸುತ್ತ ಕೂರಿಸುತ್ತಾರೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು, ಕೊನೆಗೆ ಉಳಿದವರು ಗೆದ್ದಂತೆ. ಕೈಯಲ್ಲಿ ಎರಡು ಎಲೆ ಮುಚ್ಚಿರುತ್ತವೆ, ಮೇಜಿನ ಮೇಲೆ ಐದು ತೆರೆದುಕೊಳ್ಳುತ್ತವೆ, ಮಿಕ್ಕಿದ್ದೆಲ್ಲ ಎದುರಿನವರ ಮುಖದಲ್ಲಿರುತ್ತದೆ. ಚೀಲದಲ್ಲಿ ಒಂದು ಪೊಟ್ಟಣ ಕರದಂಟು ಇಟ್ಟುಕೊಂಡು ನಾನು ಆಗಾಗ ಗೋವೆಯ ಬಸ್ಸು ಹತ್ತುವುದನ್ನು ಕಂಡವರಿಗೆ, ಅಲ್ಲಿಯ ಯಾವುದೋ ದೇವಿಗೆ ಹರಕೆ ಹೊತ್ತಿದ್ದೇನೆಂದು ನಮ್ಮ ಯಜಮಾನರು ಹೇಳಿಬಿಟ್ಟಿದ್ದಾರೆ. ಇಷ್ಟು ವರ್ಷವಾದರೂ ತೀರದ ಆ ಹರಕೆ ಎಂಥದೆಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಎಲೆ ಹಿಡಿಯಲು ಕಲಿಸಿದವಳು ಅಪ್ಪನ ಅಕ್ಕ, ತುಕ್ಕಾನಟ್ಟಿಯ ನೀಲವ್ವತ್ತೆ. ಪಂಚಮಿ ಹಬ್ಬದಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕಿ ದಣಿದ ಮೇಲೆ ಅವಳ ಪಡಸಾಲೆಯಲ್ಲಿ ಚಾಪೆ ಬೀಳುತ್ತಿತ್ತು. ಗಂಡಸರು ಊರ ಅಗಸಿಬಾಗಿಲಲ್ಲಿ ಕೊಬ್ಬರಿ ಪಣಕ್ಕಿಟ್ಟು ಲಿಂಬೆಹಣ್ಣು ಎಸೆಯುತ್ತಿದ್ದರೆ, ಒಳಗೆ ನಾವು ಅದೇ ಕೊಬ್ಬರಿ ಬಟ್ಟಲುಗಳನ್ನು ಎಲೆಗಳ ಮೇಲೆ ಹೂಡುತ್ತಿದ್ದೆವು. ಇಲ್ಲದ ರಾಜನನ್ನು ಇದೆಯೆಂದು ನಂಬಿಸುವುದು, ಇದ್ದ ಎಕ್ಕವನ್ನು ಸೆರಗಿನೊಳಗೆ ಅಡಗಿಸಿ ನಿಟ್ಟುಸಿರು ಬಿಡುವುದು, ಎಲ್ಲಕ್ಕೂ ಅಲ್ಲಿ ಪರವಾನಗಿಯಿತ್ತು. ಕೊನೆಗೆ ಗೆದ್ದವಳು ಗೆದ್ದ ಕೊಬ್ಬರಿಯನ್ನೆಲ್ಲ ಸೋತವರ ಉಡಿಗೆ ಹಂಚಬೇಕು, ಯಾರೂ ಬರಿ ಉಡಿಯಲ್ಲಿ ಏಳಬಾರದು. ಆಮೇಲೆ ಅತ್ತೆ ಚಾಪೆ ಕೊಡವಿ ಮಡಚುತ್ತ ವರ್ಷವರ್ಷವೂ ಅದೇ ಮಾತು ಹೇಳುತ್ತಿದ್ದಳು: "ಆಟದಾಗ ಸುಳ್ಳ ನಡೀತೈತಿ. ಚಾಪಿ ಮಡಚಿದ ಮ್ಯಾಲ ನಡಿಯಾಂಗಿಲ್ಲ, ನೋಡ್ರೆವಾ."

ನನ್ನ ಸುಳ್ಳು ಮಾತ್ರ ಅವಳ ಮುಂದೆ ಯಾವ ಚಾಪೆಯ ಮೇಲೂ ನಡೆಯುತ್ತಿರಲಿಲ್ಲ. ನಾನು ಋತುಮತಿಯಾದಾಗ ಆ ಮೂಗುಬೊಟ್ಟನ್ನು ಇಡಿಸಿದವಳು ಅವಳೇ. ಅಂದಿನಿಂದ ನಾನು ಸುಳ್ಳಾಡುವ ಮುಂಚೆ ನನ್ನ ಬಲಗೈ ತಾನಾಗಿ ಮೇಲೆದ್ದು ಮೂಗು ಮುಟ್ಟುತ್ತಿತ್ತು. "ಬಂತ ನೋಡ ಕೈ!" ಎಂದು ಅತ್ತೆ ನಗುತ್ತಿದ್ದಳು. ಸೋತ ಸಿಟ್ಟಿಗೆ ನಾನು ಎಲೆ ಚೆಲ್ಲುತ್ತಿದ್ದೆ. ನಮ್ಮನ್ನು ಒಳಗಿನಿಂದ ಬಲ್ಲವರೊಬ್ಬರು ಎದುರಿಗೆ ಕೂತಿರುವುದು ಎಂಥ ಸುಖವೆಂದು ಸೋಲುವಾಗ ಯಾರಿಗೆ ತಿಳಿಯುತ್ತದೆ?

ಗೋವೆಯ ಮೇಜುಗಳಲ್ಲಿ ಹೆಂಗಸಾಗಿ ಕೂರುವುದರಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಸೀರೆಯುಟ್ಟ ನಡುವಯಸ್ಸಿನವಳು ಬಿಲ್ಲೆಗಳನ್ನು ಮುಂದಕ್ಕೆ ತಳ್ಳಿದರೆ, ಕಪ್ಪು ಕನ್ನಡಕದ ಹುಡುಗರು ಈಕೆಯ ಹತ್ತಿರ ನಿಜವಾಗಿಯೂ ದೊಡ್ಡ ಎಲೆಯೇ ಇದೆಯೆಂದು ನಂಬಿ ಹಿಂದೆ ಸರಿಯುತ್ತಾರೆ. ಹೆಣ್ಣಿಗೆ ಸುಳ್ಳಾಡಲು ಬರುವುದಿಲ್ಲವಂತೆ! ಗಡಿಗೆಯ ತಳ ಕೆರೆದು ಎಲ್ಲರಿಗೂ ಬಡಿಸಿ, ತಮ್ಮದು ಆಗಲೇ ಊಟ ಆಯಿತೆಂದು ಹೇಳಿ ನೀರು ಕುಡಿದು ಮಲಗಿದ ತಾಯಂದಿರ ಮಕ್ಕಳು ಇವರೆಲ್ಲ. ಆದರೆ ಅವರಲ್ಲೊಬ್ಬ ಸೂಕ್ಷ್ಮದ ಹುಡುಗ ನನ್ನನ್ನು ಆಟದಿಂದ ಹೊರಹಾಕಿ, ಕೈ ಕುಲುಕುವಾಗ ಮೆಲ್ಲಗೆ ಗುಟ್ಟು ಹೇಳಿದ. ಸುಳ್ಳಾಡುವಾಗ ನೀವು ಮೂಗುಬೊಟ್ಟು ಮುಟ್ಟಿಕೊಳ್ಳುತ್ತೀರಿ ಆಂಟಿ, ಅಂದ. ಮನೆಗೆ ಬಂದವಳೇ ಅದನ್ನು ತೆಗೆದು ಭರಣಿಯಲ್ಲಿಟ್ಟೆ. ಕನ್ನಡಿಯ ಮುಂದೆ ಕೂತು, ಬಲಗೈಯನ್ನು ತೊಡೆಯ ಮೇಲೆ ಅಲುಗದಂತೆ ಇರಿಸಿ, ಒಂದಾದ ಮೇಲೊಂದು ಸುಳ್ಳು ಹೇಳುತ್ತ ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ಕೈ ಕಲಿತುಕೊಂಡಿತು. ಗೆಲುವಿನ ಗಾಜಿನ ಫಲಕವೊಂದು ನಮ್ಮ ಕಪಾಟಿನಲ್ಲಿ ಬಂದು ಕೂತಿತು. ಮೂಗಿನ ತೂತು ಸದ್ದಿಲ್ಲದೆ ಮುಚ್ಚಿಕೊಂಡಿತು.

ಹೋದ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ನೀಲವ್ವತ್ತೆಯನ್ನು ಘಟಪ್ರಭಾದ ಆಸ್ಪತ್ರೆಗೆ ಸೇರಿಸಿದರು. ಇನ್ನು ಹೆಚ್ಚು ದಿನವಿಲ್ಲವೆಂದು ವೈದ್ಯರು ಹೇಳಿದ್ದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬಾಗಿಲಲ್ಲೇ ಅವಳ ಮಗ ನನ್ನ ಕೈ ಹಿಡಿದು, "ಅಕ್ಕಾ, ಅವ್ವನ ಮುಂದ ಏನೂ ಹೇಳಬ್ಯಾಡ" ಎಂದ. ಒಳಗೆ ಹೋದೆ. ಅತ್ತೆ ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಇವರ್ಯಾರೂ ಖರೆ ಹೇಳಾಂಗಿಲ್ಲ. ನೀ ಹೇಳ. ನಾ ಉಳೀತೇನೋ ಇಲ್ಲೋ? ಇಲ್ಲಂದ್ರ ಇವತ್ತ ನನ್ನ ಊರಿಗೆ ಒಯ್ರಿ. ಹೋಗೂದ ಖರೆ ಆದ್ರ ನನ್ನ ಪಡಸಾಲ್ಯಾಗ ಕುಂತ ಹೋಗಾಕಿ ನಾ."

"ಏನೂ ಆಗಾಂಗಿಲ್ಲ ಅತ್ತಿ, ಪಂಚಮಿಗೆ ಇಬ್ಬರೂ ಕೂಡಿ ಚಾಪಿ ಹಾಸೂಣು" ಎಂದೆ. ಆಣೆ ಮಾಡಿ ಹೇಳುತ್ತೇನೆ ಮಿತ್ರರೇ, ಅವಳು ನಂಬಲೆಂದು ನಾನು ಹಾಗೆ ಹೇಳಲಿಲ್ಲ. ಬಾಯಿ ಮಗನ ಮಾತು ನಡೆಸಲಿ, ನಿಜವನ್ನು ನನ್ನ ಕೈ ಹೇಳುತ್ತದೆ, ಅವಳು ಎಂದಿನಂತೆ ಓದಿಕೊಳ್ಳುತ್ತಾಳೆ ಎಂಬುದು ನನ್ನ ಲೆಕ್ಕವಾಗಿತ್ತು. ಅತ್ತೆಯೂ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಕೈ ತೊಡೆಯ ಮೇಲೆ ಅಲುಗದೆ ಬಿದ್ದಿತ್ತು. ಎತ್ತಬೇಕೆಂದುಕೊಂಡೆ, ಎತ್ತಲಾಗಲಿಲ್ಲ, ಅಷ್ಟರಲ್ಲಿ ಅವಳ ಮುಖ ಅರಳಿಬಿಟ್ಟಿತ್ತು.

"ಕೈ ಅಲ್ಲೇ ಐತಿ. ಹಂಗಾರ ಖರೇನ ಐತಿ" ಎಂದು ಮಗನನ್ನು ಕೂಗಿ ಕರೆದಳು. "ಊರಿಗೆ ಹೋಗೂದ ಬ್ಯಾಡೊ. ಔಷಧ ಮುಗಿಸಿಕೊಂಡ ಆರಾಮ ಆಗಿ ಹೋಗೂಣು. ಒಂದಿಷ್ಟ ಚಾ ತರಸ."

ಪಂಚಮಿಗೆ ಇನ್ನೂ ದಿನಗಳಿರುವಾಗಲೇ ಆ ಮಂಚದ ಮೇಲೆಯೇ ಅವಳು ತೀರಿಕೊಂಡಳು. ತುಕ್ಕಾನಟ್ಟಿಗೆ ತಂದು, ನಮ್ಮಲ್ಲಿಯ ಪದ್ಧತಿಯಂತೆ ವಿಭೂತಿ ಹಚ್ಚಿ, ಅದೇ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಅವಳು ಬಯಸಿದ್ದು ಜೀವವಿರುವಾಗ ತಾನಾಗಿ ಕೂರುವುದನ್ನು. ಓಣಿಯ ಹೆಂಗಸರು ಅವಳ ಗುಣಗಳನ್ನು ಹಾಡಿಕೊಂಡು ಅಳುತ್ತಿದ್ದರೆ ನನಗೆ ಒಂದು ಹನಿಯೂ ಬರಲಿಲ್ಲ. ಕಲ್ಲಿನಂಥಾಕಿ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಆ ಮಂಚದ ಮುಂದೆ ಆಡಿದಷ್ಟು ಚೊಕ್ಕವಾದ ಸುಳ್ಳನ್ನು ನನ್ನ ಬದುಕಿನಲ್ಲಿ ನಾನು ಯಾವ ಮೇಜಿನಲ್ಲೂ ಆಡಿಲ್ಲ. ಮೇಜಿನ ಆಟಕ್ಕೆ ಮಡಚಲು ಚಾಪೆಯಿಲ್ಲ. ಎದ್ದು ಬಂದಾಗ ಆಟ ಅಲ್ಲೇ ಉಳಿಯಿತೆಂದುಕೊಂಡಿದ್ದೆ. ಅದು ನನ್ನ ಜೊತೆಗೇ ಬಸ್ಸು ಹತ್ತಿ ಊರಿಗೆ ಬರುತ್ತಿತ್ತು.

ಮೊನ್ನೆ ಭರಣಿಯಿಂದ ಮೂಗುಬೊಟ್ಟನ್ನು ತೆಗೆದು, ಕುಂಕುಮ ತೊಳೆದು, ಗೋಕಾಕದ ಪೇಟೆಯಲ್ಲಿರುವ ವಯಸ್ಸಾದ ಅಕ್ಕಸಾಲಿಗರೊಬ್ಬರ ಬಳಿಗೆ ಹೋದೆ. ತೂತು ಪೂರಾ ಮುಚ್ಚಿದೆ, ಮತ್ತೆ ಚುಚ್ಚಬೇಕು, ಈ ವಯಸ್ಸಿನಲ್ಲಿ ಹುಡುಗಿಯರಿಗಿಂತ ಹೆಚ್ಚು ನೋಯುತ್ತದೆ ಎಂದರು. ಚುಚ್ಚಿರಿ ಎಂದೆ. ಸೂಜಿ ಇಳಿದ ಕೂಡಲೇ ಎರಡು ಕಣ್ಣಿನಿಂದಲೂ ನೀರು ಸುರಿಯತೊಡಗಿತು, ಹರಳು ಕೂರಿಸಿ ಮುಗಿಸಿದ ಮೇಲೂ ನಿಲ್ಲಲಿಲ್ಲ. ಮುದುಕರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಭಾಳ ನೋವಾತೇನ್ರಿ ಅಕ್ಕಾರ?"

"ಇಲ್ರಿ, ಏನೂ ಆಗಿಲ್ಲ" ಎಂದೆ.

ಬಲಗೈ ಆಗಲೇ ಮೇಲೆದ್ದು ಮೂಗಿನ ಮೇಲಿತ್ತು.

"ಮುಟ್ಟಬ್ಯಾಡ್ರಿ" ಎಂದರು ಅವರು, "ಇನ್ನೂ ಹಸಿ ಐತಿ."