ಚಿತ್ರವಿಲ್ಲದ ಪುಡಿ

ಸಕ್ಕುಬಾಯಿ ಪುಡಿ ಹುರಿಯುವ ದಿನ ಓಣಿಗೆಲ್ಲ ಗೊತ್ತಾಗುತ್ತಿತ್ತು. ಪುಣೆಯ ಬಿಬವೇವಾಡಿಯ ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ತಗಡಿನ ಮನೆಗಳ ನಡುವೆ, ಕಬ್ಬಿಣದ ಹಂಚಿನ ಮೇಲೆ ತಂಬಾಕಿನ ಎಲೆ ಕಮರುವ ವಾಸನೆ ಎದ್ದಿತೆಂದರೆ ಗಂಡಸರು ಕೆಮ್ಮುತ್ತ ಬೈಯುತ್ತಿದ್ದರು. ಹೆಂಗಸರು ತಮ್ಮ ತಮ್ಮ ಡಬ್ಬಿ ಹುಡುಕತೊಡಗುತ್ತಿದ್ದರು. ಎಲೆ ಪೂರ್ತಿ ಕರ್ರಗಾಗುವವರೆಗೆ ಹುರಿದು, ಒರಳಿನಲ್ಲಿ ಕುಟ್ಟಿ, ಹಳೆಯ ಮಲಮಲ್ ಬಟ್ಟೆಯಲ್ಲಿ ಸೋಸಿದರೆ ಕಾಡಿಗೆಯಷ್ಟು ನುಣುಪಾದ ಪುಡಿಯಾಗುತ್ತದೆ. ಹಲ್ಲಿಗೂ ವಸಡಿಗೂ ತಿಕ್ಕುವ ಆ ಪುಡಿಗೆ ಪುಣೆಯಲ್ಲಿ ಮಶೇರಿ ಎನ್ನುತ್ತಾರೆ. ಬೆಳಿಗ್ಗೆ ಒಮ್ಮೆ ತಿಕ್ಕಿದರೆ ಹೊಟ್ಟೆ ಹಗುರಾಗುತ್ತದೆ, ಮಧ್ಯಾಹ್ನ ಒಮ್ಮೆ ತಿಕ್ಕಿದರೆ ಹಸಿವು ಸುಮ್ಮನಾಗುತ್ತದೆ ಎಂಬುದು ಆ ಓಣಿಯ ಹೆಂಗಸರ ಅನುಭವ.

ಸಕ್ಕುಬಾಯಿ ಅದನ್ನು ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ. ಜೊತೆಯಲ್ಲಿ ಕಲ್ಲಿದ್ದಲು ಹೊರುತ್ತಿದ್ದ ಮುದುಕಿಯೊಬ್ಬಳು, ಊಟದ ಹೊತ್ತು ಇನ್ನೂ ದೂರವಿದ್ದಾಗ, ಅವಳ ಬೆರಳಿಗೆ ಚಿಟಿಕೆ ಪುಡಿ ಹಚ್ಚಿಕೊಟ್ಟಿದ್ದಳು. ತಲೆ ಗಿರ್ರನೆ ತಿರುಗಿ ಕೂತುಬಿಟ್ಟಳಂತೆ. ಆದರೆ ಎದ್ದಾಗ ಹಸಿವಿರಲಿಲ್ಲ. ಮದುವೆಯಾಗಿ ಗಂಡ ಶಂಕ್ರೆಪ್ಪನೊಂದಿಗೆ ಯಾದಗಿರಿಯ ಕಡೆಯಿಂದ ಪುಣೆಗೆ ಬಂದ ಮೇಲೆ ಇಪ್ಪತ್ತು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತಳು. ಶಂಕ್ರೆಪ್ಪ ಕಾಮಾಲೆಯಿಂದ ಸತ್ತ. ಮೊಣಕಾಲು ಕೈಕೊಟ್ಟ ಮೇಲೆ ಅವಳು ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಮೆಟ್ಟಿಲು ಗುಡಿಸುವ ಕೆಲಸ ಹಿಡಿದಳು. ಪುಡಿಯನ್ನು ಅವಳು ಮಾರುತ್ತಿರಲಿಲ್ಲ. ಅದಕ್ಕೆ ಬದಲಾಗಿ ಯಾರೋ ನಳದ ಸಾಲಿನಲ್ಲಿ ಅವಳ ಕೊಡ ಮುಂದಿಡುತ್ತಿದ್ದರು, ಯಾರೋ ಒಂದು ಲೋಟ ಚಹಾ ಕಳಿಸುತ್ತಿದ್ದರು. ಓಣಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಹಂಚಿನಿಂದಲೇ ಬಂದದ್ದು.

ಆ ಮರ್ಯಾದೆ ಹೆಚ್ಚಿದ್ದು ಅಂಗಡಿಯ ತಂಬಾಕು, ಮಶೇರಿಯ ಚೀಟುಗಳ, ಅಂದರೆ ಪೊಟ್ಟಣಗಳ, ಮೇಲೆ ದೊಡ್ಡ ಚಿತ್ರಗಳು ಬಂದಾಗ. ಮೊದಲು ಮೂಲೆಯಲ್ಲಿ ಸಣ್ಣದಾಗಿ ಏನೋ ಇರುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಆಮೇಲೆ ಚೀಟಿನ ಎರಡೂ ಬದಿಗೆ ಹುಣ್ಣಾದ ಬಾಯಿ, ತೂತುಬಿದ್ದ ಕೆನ್ನೆ. ಹೆಸರು ಓದಲು ಬಾರದವರ ಕಣ್ಣಿಗೂ ಅದು ರಾಚುವಂತಿತ್ತು. ಓಣಿಯ ಮೆಟ್ಟಿಲ ಬುಡದಲ್ಲಿ ಅಂಗಡಿ ಇಟ್ಟಿದ್ದ ಇಂಡಿ ತಾಲ್ಲೂಕಿನ ಮಲಕಪ್ಪನ ಮುಂದೆ ದಿನಾ ಇದೇ ಜಗಳ.

"ಮಲಕಪ್ಪಣ್ಣ, ಈ ಹುಣ್ಣಿನ ಮಾರಿ ಬ್ಯಾಡ. ಬ್ಯಾರೆದು ಕೊಡ್ರಿ."

"ಬ್ಯಾರೆ ಎಲ್ಲಿಂದ ತರ್ಲಿ ತಂಗಿ? ಸರಕಾರದವ್ರು ಇದೇ ಮಾರಿ ಕಳಿಸ್ಯಾರ. ನಿನ್ನ ಗಂಡನ ಮಾರಿಗಿಂತ ಏನ್ ಭಾಳ ಕೆಟ್ಟಿಲ್ಲ ಬಿಡು."

"ನನ್ನ ಗಂಡನ ಮಾರಿ ನೋಡೂದೇ ಬಿಟ್ಟೀನಿ. ಇದನ್ಯಾಕ ನೋಡ್ಲಿ?"

ಮಲಕಪ್ಪ ನಗುತ್ತ ಚೀಟನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ. ಬಸುರಿಯರು ಮಾತ್ರ ಸುತ್ತಿಕೊಟ್ಟರೂ ಒಲ್ಲೆ ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಕೂಸು ಇದ್ದಾಗ ಗ್ರಹಣ ನೋಡಬಾರದು, ಹೆಣ ನೋಡಬಾರದು, ಕೊಯ್ದಿಟ್ಟ ಕುರಿಯ ತಲೆ ನೋಡಬಾರದು. ತಾಯಿಯ ಕಣ್ಣಿಗೆ ಬಿದ್ದದ್ದು ಕೂಸಿನ ಮೈಗೆ ಇಳಿಯುತ್ತದೆ ಎಂದು ಅವರ ಅವ್ವಂದಿರು ಹೇಳಿಕೊಟ್ಟಿದ್ದರು. ಹಾಗಿರುವಾಗ ಕೊಳೆತ ಬಾಯಿಯನ್ನು ದಿನಕ್ಕೆ ನಾಲ್ಕು ಸಲ ಕೈಯಲ್ಲಿ ಹಿಡಿಯುವುದು ಹೇಗೆ? ತಂಬಾಕು ಬಿಡುವ ವಿಚಾರ ಯಾರಿಗೂ ಬರಲಿಲ್ಲ. ಚಿತ್ರ ಬಿಟ್ಟರೆ ಸಾಕಿತ್ತು. ಒಬ್ಬೊಬ್ಬರಾಗಿ ಅವರು ಮೆಟ್ಟಿಲು ಹತ್ತಿ ಸಕ್ಕುಬಾಯಿಯ ಬಾಗಿಲಿಗೆ ಬಂದರು. ಅವಳ ಪುಡಿಗೆ ಚೀಟಿರಲಿಲ್ಲ. ಚೀಟಿಲ್ಲದ ಮೇಲೆ ಚಿತ್ರವೂ ಇರಲಿಲ್ಲ. ಬಸುರಿಯರಿಗೆಂದು ಅವಳು ಎರಡು ಸಲ ಸೋಸಿ ಬೇರೆ ತೆಗೆದಿಡುತ್ತಿದ್ದಳು.

ಮಗ ದೇವಾನಂದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಶೀನು ನಡೆಸುತ್ತಿದ್ದ. ಎರಡು ಬಸ್ಸು ಬದಲಿಸಿ ಹೋಗಿ ಬರುವ ದಾರಿ. ಅಂಗಿಯ ಕಿಸೆಯಲ್ಲಿ ಸದಾ ತಂಬಾಕಿನ ಚೀಟು. ಅಕ್ಕಲಕೋಟೆ ಕಡೆಯ ಶೀತಲ ಸೊಸೆಯಾಗಿ ಬಂದ ಎರಡನೆಯ ವರ್ಷ ಬಸುರಾದಳು. ಏಳನೆಯ ತಿಂಗಳಲ್ಲಿ ಒಂದು ದಿನ ಕೂಸು ಮಿಸುಕಾಡುವುದು ನಿಂತಿತು. ಸತ್ತ ಗಂಡು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು.

ಓಣಿಯ ಹೆಂಗಸರು ಕೇಳಿದ ಮೊದಲ ಪ್ರಶ್ನೆ, "ಏನ್ ನೋಡಿದ್ಳು?" ಶೀತಲ ಬಹಳ ಹೊತ್ತು ಯೋಚಿಸಿ, ಗಂಡನ ಅಂಗಿ ಒಗೆಯುವಾಗ ದಿನಾ ಕಿಸೆಯಿಂದ ಚೀಟು ತೆಗೆಯುತ್ತಿದ್ದೆ, ಆ ಬಾಯಿ ದಿನಾ ಕಾಣುತ್ತಿತ್ತು ಎಂದಳು. ಅಷ್ಟು ಸಾಕಾಯಿತು. ಸಕ್ಕುಬಾಯಿಯ ಮನಸ್ಸಿನಲ್ಲಿ ಕಾರಣ ಗಟ್ಟಿಯಾಗಿ ಕೂತಿತು. ಮಗನಿಗೆ ಅವಳು ಹೇಳಿದ್ದು ಒಂದೇ ಮಾತು: "ನಿನ್ನ ಕಿಸೆದಾಗಿನ ಹುಣ್ಣು ನನ್ನ ಮೊಮ್ಮಗನ್ನ ತಿಂತು."

ಶೀತಲ ಎರಡನೆಯ ಸಲ ಬಸುರಾದಾಗ ಸಕ್ಕುಬಾಯಿ ಮನೆಯನ್ನು ಕೋಟೆಯಂತೆ ಕಾದಳು. ದೇವಾನಂದ ಅಂಗಡಿಯ ಮುಂದೆಯೇ ಚೀಟು ಹರಿದು, ತಂಬಾಕನ್ನು ಉಕ್ಕಿನ ಡಬ್ಬಿಗೆ ಸುರುವಿಕೊಂಡು, ಖಾಲಿ ಚೀಟನ್ನು ಮಲಕಪ್ಪನ ಬುಟ್ಟಿಗೆ ಎಸೆದು ಬರಬೇಕು. ಬಾಗಿಲಲ್ಲಿ ಅವಳು ಅವನ ಕಿಸೆ ತಡಕುತ್ತಿದ್ದಳು.

"ಪೊಲೀಸ್ರಾದ್ರೂ ಇಷ್ಟು ತಡಕಂಗಿಲ್ಲ ಯವ್ವಾ."

"ಪೊಲೀಸ್ರಿಗೆ ಮೊಮ್ಮಕ್ಕಳು ಬೇಕಾಗಿರಂಗಿಲ್ಲ. ಕೈ ಎತ್ತು."

ಶೀತಲ ಮಲಗುವ ಕಡೆ ಗೋಡೆಗೆ ಗುಂಡು ಕೆನ್ನೆಯ ಮಗುವಿನ ಕ್ಯಾಲೆಂಡರು ತೂಗುಹಾಕಿದಳು. ವಾಂತಿಯಿಂದ ಸೊಸೆ ಕಂಗಾಲಾದಾಗ, ಮೂರು ಸಲ ಸೋಸಿದ ಪುಡಿಯನ್ನು ತಾನೇ ಅಂಗೈಗೆ ಹಾಕಿ ಕೊಡುತ್ತಿದ್ದಳು. ಶೀತಲ ತಿಕ್ಕಿಕೊಂಡು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ತನ್ನ ಅವ್ವನೂ ಇಷ್ಟು ನೋಡಿಕೊಂಡಿರಲಿಲ್ಲ ಎಂದು ಒಮ್ಮೆ ಹೇಳಿದಳು. ಸಕ್ಕುಬಾಯಿ ಆ ಮಾತನ್ನು ಮೂರು ಮನೆಗೆ ಹೇಳಿಕೊಂಡು ಬಂದಳು.

ದವಾಖಾನೆಯ ಕಡೆಯಿಂದ ಬಸುರಿಯರ ಹೆಸರು ಬರೆದುಕೊಳ್ಳಲು ಬರುತ್ತಿದ್ದ ಮಾಧುರಿ ಎಂಬಾಕೆ ಹೊಸ್ತಿಲಲ್ಲಿ ಕೂತು, ಕಾರ್ಡು ತೊಡೆಯ ಮೇಲಿಟ್ಟುಕೊಂಡು, ಮರಾಠಿಯಲ್ಲಿ ಕೇಳಿದಳು: ತಂಬಾಕು ತಿನ್ನುತ್ತೀಯಾ?

ಸಕ್ಕುಬಾಯಿ ಸೊಸೆಗಿಂತ ಮೊದಲು ಮರಾಠಿಯಲ್ಲೇ ಉತ್ತರ ಕೊಟ್ಟಳು. ತಂಬಾಕೇ? ಈ ಮನೆಯೊಳಗೆ ಒಂದು ಚೀಟು ಬರಲು ಬಿಟ್ಟಿಲ್ಲ, ಬೇಕಾದರೆ ಹುಡುಕು ಎಂದಳು. ಅದು ಸುಳ್ಳಾಗಿರಲಿಲ್ಲ. ಅವಳ ಲೆಕ್ಕದಲ್ಲಿ ತಂಬಾಕೆಂದರೆ ತಿನ್ನುವುದು, ಉಗುಳುವುದು, ಮೇಲೆ ಹುಣ್ಣಿನ ಚಿತ್ರವಿರುವುದು. ಹಲ್ಲಿಗೆ ತಿಕ್ಕುವುದು ಹಲ್ಲಿನ ಪುಡಿ. ಮಾಧುರಿ ಮೆಚ್ಚಿ ತಲೆಯಾಡಿಸಿ, ಕಾರ್ಡಿನಲ್ಲಿ "ಇಲ್ಲ" ಎಂದು ಬರೆದಳು.

ಎಂಟನೆಯ ತಿಂಗಳ ಸೋನೋಗ್ರಾಫಿಯಲ್ಲಿ ಮಗು ಆರು ತಿಂಗಳಿನಷ್ಟೇ ಇದೆ, ನೀರೂ ಕಡಿಮೆಯಾಗಿದೆ ಎಂದರು. ದೊಡ್ಡ ಆಸ್ಪತ್ರೆಗೆ ಸೇರಿಸಿಕೊಂಡರು. ಅಲ್ಲಿಯ ವಯಸ್ಸಾದ ದಾದಿಯೊಬ್ಬಳು ಶೀತಲಳ ಬಾಯಿಗೆ ಔಷಧಿ ಹಾಕುವಾಗ ಕೆಳತುಟಿ ಎಳೆದು ನೋಡಿದಳು. ವಸಡು ಕಪ್ಪಾಗಿತ್ತು. ಅವಳು ಶೀತಲಳಿಗೆ ಏನೂ ಹೇಳದೆ ವಾರ್ಡಿನ ಹೊರಗೆ ಬಂದು ಸಕ್ಕುಬಾಯಿಯನ್ನು ಮರಾಠಿಯಲ್ಲಿ ಕೇಳಿದಳು, "ಮಶೇರಿ ತಿಕ್ಕುತ್ತಾಳಾ?"

"ಹೌದು. ಮನೆಯದು. ಅಂಗಡಿಯದಲ್ಲ."

ದಾದಿ ಅವಳನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು; ಬೈಯಲಿಲ್ಲ. ಬೈದಿದ್ದರೆ ಸಕ್ಕುಬಾಯಿಗೆ ತಿರುಗಿ ಮಾತಾಡುವುದು ಸುಲಭವಾಗುತ್ತಿತ್ತು. ಮನೆಯದಾಗಲಿ ಅಂಗಡಿಯದಾಗಲಿ ಎಲೆ ಒಂದೇ, ಅದರ ವಿಷ ವಸಡಿನಿಂದ ರಕ್ತಕ್ಕೆ, ರಕ್ತದಿಂದ ಮಗುವಿಗೆ ಹೋಗುತ್ತದೆ, ಮಗುವಿಗೆ ಹೋಗಬೇಕಾದ ಅನ್ನವನ್ನೂ ಉಸಿರನ್ನೂ ತಡೆಯುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಇದೊಂದೇ ಕಾರಣವೆಂದು ತಾನು ಬರೆದುಕೊಡಲಾರೆ, ಇದು ಕಾರಣವಲ್ಲವೆಂದೂ ಹೇಳಲಾರೆ ಎಂದರು.

ಸಕ್ಕುಬಾಯಿ ಕೇಳಿದ್ದು ಒಂದೇ. "ಹಂಗಾದ್ರ ಆ ಚಿತ್ರ ನೋಡಿದ್ರ ಏನೂ ಆಗಂಗಿಲ್ಲೇನ್ರಿ?"

ಅವಳು ಕನ್ನಡದಲ್ಲಿ ಕೇಳಿದ್ದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಮರಾಠಿಯಲ್ಲಿ ಮತ್ತೆ ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಅಂದು ಸಂಜೆ ಮನೆಗೆ ಬಂದು ಡಬ್ಬಿಯ ಪುಡಿಯನ್ನೆಲ್ಲ ಗಟಾರಕ್ಕೆ ಸುರುವಿದಳು. ಕೇಳಿಕೊಂಡು ಬಂದವರಿಗೆ ಎಲೆ ಸಿಕ್ಕಿಲ್ಲ ಎಂದಳು.

ಮಗು ಮೂರನೆಯ ದಿನ ಹುಟ್ಟಿತು. ಹೆಣ್ಣು, ಒಂದು ಕಿಲೋ ಇನ್ನೂರು ಗ್ರಾಮು. ಗಾಜಿನ ಪೆಟ್ಟಿಗೆಯೊಳಗೆ ಅದರ ಪಕ್ಕೆಲುಬು ಏರಿಳಿಯುವುದನ್ನು ಸಕ್ಕುಬಾಯಿಗೆ ದಿನಕ್ಕೆ ಎರಡು ಸಲ ನೋಡಲು ಬಿಡುತ್ತಿದ್ದರು. ಮುಖದಲ್ಲಿ ಯಾವ ಊನವೂ ಇರಲಿಲ್ಲ. ಬಾಯಿ ಅಚ್ಚುಕಟ್ಟಾಗಿ, ಅಕ್ಕಿಕಾಳಿನಷ್ಟು ಸಣ್ಣದಾಗಿತ್ತು. ಆರನೆಯ ದಿನ ಬೆಳಿಗ್ಗೆ ಅದು ತೀರಿಕೊಂಡಿತು.

ಮಣ್ಣು ಮಾಡಿ ಬಂದ ದೇವಾನಂದ ಕಾಲು ತೊಳೆಯದೆಯೇ ಒಳಗೆ ಬಂದು ಶೀತಲಳ ಎದುರು ಕೂತ. ನೆರೆಯ ಇಬ್ಬರು ಹೆಂಗಸರು ಬಾಗಿಲಲ್ಲಿದ್ದರು.

"ಏನ್ ನೋಡಿದಿ? ಖರೇ ಹೇಳು."

"ಏನೂ ನೋಡಿಲ್ರೀ."

"ಎಂಟು ತಿಂಗಳು ಒಂದು ಚೀಟು ಮನಿಯೊಳಗ ತಂದಿಲ್ಲ ನಾ. ಮತ್ತೆಲ್ಲಿ ನೋಡಿದಿ? ಮಲಕಪ್ಪನ ಅಂಗಡಿಗೆ ಹೋಗಿದ್ದೇನು?"

"ಇಲ್ರೀ, ಆಣಿ ಮಾಡಿ ಹೇಳ್ತೀನಿ..." ಏನಾದರೊಂದು ಸಿಗಬೇಕೆಂದು ಶೀತಲಳೇ ನೆನಪಿನಲ್ಲಿ ಹುಡುಕತೊಡಗಿದ್ದಳು. "ಬಸ್ಸಿನ್ಯಾಗ ಒಮ್ಮೆ ಕಾಲಬುಡಕ ಬಿದ್ದಿತ್ತು. ಸ್ವಾರಗೇಟಿಗೆ ಹೋಗಾಗ. ಲಗೂನೆ ಕಣ್ಣು ಮುಚ್ಚಿದೆ ರೀ. ಭಾಳ ಲಗೂನೆ ಮುಚ್ಚಿದೆ."

ಬಾಗಿಲಲ್ಲಿದ್ದ ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳು. ದೇವಾನಂದ ತಲೆ ತಗ್ಗಿಸಿದ. ವಿಚಾರ ಅಲ್ಲಿಗೆ ಮುಗಿದುಹೋಗಬಹುದಿತ್ತು. ಶೀತಲ ಜೀವಮಾನವಿಡೀ ಆ ಬಸ್ಸನ್ನು ನೆನೆಯುತ್ತ ಕಳೆಯುತ್ತಿದ್ದಳು. ಸಕ್ಕುಬಾಯಿ ಮೊದಲಿನಂತೆಯೇ ಓಣಿಯ ಹಿರಿಯಳಾಗಿ ಉಳಿಯುತ್ತಿದ್ದಳು. ಅವಳು ಒಲೆಯ ಬಳಿಯಿಂದ ಏಳದೆಯೇ ಹೇಳಿದಳು:

"ಅಕಿ ನೋಡಿದ್ದಕ್ಕಲ್ಲ. ತಿಕ್ಕಿದ್ದಕ್ಕ. ಪುಡಿ ನಾ ಹುರಿದು ಕೊಟ್ಟೀನಿ. ಡಾಕ್ಟ್ರು ನನಗ ಹೇಳ್ಯಾರ."

ದೇವಾನಂದನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

"ಮೊದಲನೇದಕ್ಕೂ?"

"ಅವಾಗೂ ನಾನೇ ಕೊಡತಿದ್ದೆ."

ಅವನು ಎದ್ದು ನಿಂತ. ಹೊಡೆಯುತ್ತಾನೆಂದು ಶೀತಲ ನಡುವೆ ಕೈ ಒಡ್ಡಿದಳು. ಅವನು ಹೊಡೆಯಲಿಲ್ಲ. ಗೂಟದ ಮೇಲಿದ್ದ ಅಂಗಿ ತೆಗೆದುಕೊಂಡು ಹೊರಟುಹೋದ. ಭೋಸರಿಯಲ್ಲಿ ಕೆಲಸದವರ ಖೋಲಿಯಲ್ಲಿ ಮಲಗುತ್ತಿದ್ದಾನೆಂದು ಮಲಕಪ್ಪನಿಂದ ತಿಳಿಯಿತು. ಬಾಗಿಲಲ್ಲಿದ್ದ ಹೆಂಗಸರು ಆ ಮಾತನ್ನು ಓಣಿಗೆ ಮುಟ್ಟಿಸಿದರು. ಆದರೆ ಮರುದಿನವೇ ಇಬ್ಬರು ಡಬ್ಬಿ ಹಿಡಿದು ಬಂದರು. ಅವರಲ್ಲೊಬ್ಬಳಿಗೆ ಐದು ತಿಂಗಳಾಗಿತ್ತು. ಸಕ್ಕುಬಾಯಿ ಅವಳಿಗೆ ಎಲ್ಲವನ್ನೂ ಹೇಳಿದಳು. ಅವಳು ಕೇಳಿಸಿಕೊಂಡು, "ನಿಮ್ಮ ಸೊಸಿ ನಶೀಬ ಹಂಗಿತ್ರಿ ಅತ್ತಿ, ನೀವ್ಯಾಕ ಮೈಮ್ಯಾಲೆ ಹಾಕ್ಕೋತೀರಿ?" ಎಂದು ಸಮಾಧಾನ ಮಾಡಿ, ಖಾಲಿ ಡಬ್ಬಿಯೊಂದಿಗೆ ಬೇಸರದಿಂದ ಹೋದಳು.

ಶೀತಲ ನಾಲ್ಕು ದಿನ ಅತ್ತೆಯೊಂದಿಗೆ ಮಾತಾಡಲಿಲ್ಲ. ಜಗಳವನ್ನೂ ಆಡಲಿಲ್ಲ. ಐದನೆಯ ದಿನ ಮಧ್ಯಾಹ್ನ, ಎದೆಗೆ ಕಟ್ಟಿದ್ದ ಬಟ್ಟೆ ಹಾಲಿನಿಂದ ತೊಯ್ದಿತ್ತು. ಅವಳು ಗೋಡೆಗೆ ಒರಗಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದಳು.

"ಅತ್ತಿ, ಪುಡಿ ಅದ ಏನು?"

"ಗಟಾರಕ್ಕ ಚೆಲ್ಲೀನಿ."

"ಸ್ವಲ್ಪೂ ಇಲ್ಲ?"

"ಇಲ್ಲವ್ವ."

"ತಲಿ ಸಿಡೀಲಿಕ್ಕ ಹತ್ಯಾದ."

ಸಕ್ಕುಬಾಯಿಗೂ ತಲೆ ಸಿಡಿಯುತ್ತಿತ್ತು. ನಲವತ್ತು ವರ್ಷ ತಿಕ್ಕಿದ ಬೆರಳು ಎರಡು ವಾರದಿಂದ ಖಾಲಿಯಿತ್ತು. ಬಾಯಿ ಯಾರದೋ ಬಾಯಿಯಂತಿತ್ತು. ಅದನ್ನು ಅವಳು ಹೇಳಲಿಲ್ಲ. ಶೀತಲ ಎದ್ದು, ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮಲಕಪ್ಪಣ್ಣನ ಅಂಗಡಿಗೆ."

"ಬ್ಯಾಡ ಶೀತಲ, ಅದರ ಮ್ಯಾಲ..."

"ನೋಡಿದ್ರ ಈಗ ಏನಾಗ್ತದ ಅತ್ತಿ? ಹೊಟ್ಟ್ಯಾಗ ಯಾರ ಅದಾರ?"

ಮೆಟ್ಟಿಲಿಳಿದು ಹೋಗಿ ಬರುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ತಿರುಗಿ ಬಂದಾಗ ಮಶೇರಿಯ ಚೀಟು ಅಂಗೈಯಲ್ಲಿ ಚಿತ್ರ ಕಾಣುವಂತೆಯೇ ಇತ್ತು, ಪೇಪರು ಸುತ್ತಿಸಿಕೊಂಡಿರಲಿಲ್ಲ. ಕೂತು, ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, ಸಂಬಂಧಿಕರ ಫೋಟೋ ನೋಡುವವರಂತೆ ಸಾವಕಾಶವಾಗಿ ನೋಡಿದಳು. ಆಮೇಲೆ ಹಲ್ಲಿನಿಂದ ಅಂಚು ಹರಿದು ಪುಡಿಯನ್ನು ಕೈಗೆ ಸುರುವಿಕೊಂಡಳು. ತೋರುಬೆರಳು ವಸಡಿನ ಮೇಲೆ ಹಿಂದೆ ಮುಂದೆ ಆಡಿತು. ಕಣ್ಣು ಮುಚ್ಚಿದವು. ಹುಬ್ಬಿನ ಗಂಟು ಮೆಲ್ಲಗೆ ಸಡಿಲಾಯಿತು.

ಸಕ್ಕುಬಾಯಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಸೊಸೆಯ ಮಗ್ಗುಲಲ್ಲಿ ಕೂತಳು. ಶೀತಲ ಕಣ್ಣು ತೆರೆಯದೆಯೇ, ಪುಡಿ ಉಳಿದಿದ್ದ ಅಂಗೈಯನ್ನು ಅತ್ತೆಯ ಕಡೆ ಚಾಚಿದಳು. ಬೇಡವೆನ್ನಲು ಸಕ್ಕುಬಾಯಿ ಬಾಯಿ ತೆರೆದಳು. ಬಾಯಲ್ಲಿ ಆಗಲೇ ನೀರೂರಿತ್ತು.