ಅಂಗಿ ಜೇಬಿನ ಫ್ಯೂಸು

ನಮ್ಮ ಮನೆತನದಲ್ಲಿ ಕೈ ಮೊದಲು, ಮಾತು ಆಮೇಲೆ. ಅಪ್ಪ ಹೊಡೆಯುತ್ತಿದ್ದ, ಅಣ್ಣ ಹೊಡೆಯುತ್ತಿದ್ದ, ನಾನೂ ಏನು ಕಡಿಮೆಯವಳಲ್ಲ. ಏಳನೇ ತರಗತಿಯಲ್ಲಿ ಜಡೆ ಎಳೆದವನ ಹಲ್ಲು ಉದುರಿಸಿ ಮೇಷ್ಟ್ರ ಹತ್ತಿರ ಬೈಸಿಕೊಂಡವಳು. ಅಣ್ಣನ ಬೆದರಿಕೆ ಒಂದೇ ಇತ್ತು: "ಐದೂ ಬೆರಳು ಮೂಡ್ಬೇಕು ಕೆನ್ನಿ ಮ್ಯಾಲೆ, ಹಂಗ ಬಾರಿಸ್ತೀನಿ ನೋಡು." ಬಾರಿಸಿಯೂ ಇದ್ದ.

ಅವನದು ಕೂಡ್ಲಿಗಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ನಾನು, ಹರಪನಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ನನ್ನ ಸಹೋದ್ಯೋಗಿ, ಇಬ್ಬರೇ ಕೂತು ಪಂಪ್‌ಸೆಟ್ ಸ್ಟಾರ್ಟರಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಕರೆಂಟ್ ಬಂತೆಂದು ಹೊಲಕ್ಕೆ ಓಡದೆ ಮನೆಯಿಂದಲೇ ಫೋನಿನಲ್ಲಿ ಮೋಟಾರ್ ಚಾಲೂ ಮಾಡುವ ಡಬ್ಬಿ ಅದು. ಹೊಸಹಳ್ಳಿ, ಹಡಗಲಿ ಕಡೆ ಕೆಲವರ ಹೊಲಗಳಲ್ಲಿ ಕೂಡಿಸಿದ್ದೆವು. ಹೊಸ ಕೋಡ್ ಬರೆದಾಗಲೆಲ್ಲ ಮೊದಲು ಕೆಳಗೆ ಅಂಗಡಿಯಲ್ಲಿದ್ದ ಪರೀಕ್ಷೆಯ ಮೋಟಾರಿಗೆ ಬಿಟ್ಟು ನೋಡುತ್ತಿದ್ದೆವು. ಬೆಲ್ಟು ಹಾಕಿದ ದೊಡ್ಡ ಮೋಟಾರು, ತಿರುಗಿದರೆ ನಮ್ಮ ಕಾಲ ಕೆಳಗಿನ ನೆಲ ನಡುಗುತ್ತಿತ್ತು.

ಅದಕ್ಕೊಂದು ಕ್ರಮವಿತ್ತು. ನಾನು ಮೆಟ್ಟಿಲ ತುದಿಯಲ್ಲಿ ನಿಂತು "ಅಣ್ಣಾ, ಬಿಡ್ಲ್ಯಾ?" ಎಂದು ಕೂಗಬೇಕು, ಅವನು "ಬಿಡು" ಎಂದ ಮೇಲೆಯೇ ಬಿಡಬೇಕು. ಬೆಲ್ಟಿಗೆ ಕೈ ಹಾಕುವ ಮುನ್ನ ಅವನು ಬೋರ್ಡಿನ ಫ್ಯೂಸು ಕಿತ್ತು ಅಂಗಿ ಜೇಬಿಗೆ ಇಳಿಸುತ್ತಿದ್ದ. ಈ ಕಡೆಯ ಮೋಟಾರ್ ಕೆಲಸದವರೆಲ್ಲ ಹಾಗೆಯೇ. "ಫ್ಯೂಸ್ ನನ್ನ ಕಿಸೆದಾಗ ಐತಿ ಅಂದ್ರ ಯಮಗೂ ಚಾಲೂ ಮಾಡಾಕ ಬರಂಗಿಲ್ಲ" ಎನ್ನುತ್ತಿದ್ದ.

ನನಗೆ ಆ ಫ್ಯೂಸೇ ತಲೆನೋವು. ಅವನು ಕಿತ್ತರೆ ಡಬ್ಬಿಯೂ ಸಾಯುತ್ತಿತ್ತು, ನಡುವೆಯೇ ಪರೀಕ್ಷೆ ಮುರಿದು ಕಂಪ್ಯೂಟರಿನ ತೆರೆಯೆಲ್ಲ ಕೆಂಪಾಗುತ್ತಿತ್ತು. ನಮ್ಮ ಕೋಡೆಲ್ಲ ಇದ್ದದ್ದು ಇಂಟರ್ನೆಟ್ಟಿನ ಒಂದು ಪ್ಲಾಟ್‌ಫಾರ್ಮಿನಲ್ಲಿ, ಪರೀಕ್ಷೆ ನಡೆಸುವುದು, ಡಬ್ಬಿಗಳಿಗೆ ಕಳಿಸುವುದು ಎಲ್ಲ ಅಲ್ಲಿಂದಲೇ. ನಾವು ದಿನವಿಡೀ ಮಾತಾಡುವ ಚಾಟ್ ಗುಂಪಿಗೂ ಅದಕ್ಕೂ ಎರಡು ದಿನ ಕೂತು ಕೊಂಡಿ ಹಾಕಿದೆ. ಗುಂಪಿನಲ್ಲಿ ಮೊದಲಿಗೊಂದು ಓರೆಗೆರೆ (/) ಹಾಕಿ "ಬಿಡು" ಎಂದು ಬರೆದರೆ ಸಾಕು, ಹೊಸ ಕೋಡ್ ಕೆಳಗಿನ ಡಬ್ಬಿಗಿಳಿದು ಮೋಟಾರು ಹತ್ತು ಸೆಕೆಂಡು ತಿರುಗುತ್ತದೆ. "ತಡೆ" ಎಂದು ಬರೆದರೆ, ಅದನ್ನು ತೆಗೆಯುವ ತನಕ ಯಾರು "ಬಿಡು" ಎಂದರೂ ನಡೆಯುವುದಿಲ್ಲ. ಅಣ್ಣನನ್ನೂ ಗುಂಪಿಗೆ ಸೇರಿಸಿದೆ.

"ಇನ್ಮ್ಯಾಲೆ ಫ್ಯೂಸ್ ಕೀಳಬ್ಯಾಡ. 'ತಡೆ' ಅಂತ ಬರಿ, ಸಾಕು" ಎಂದೆ.

"ಕೈಯೆಲ್ಲ ಗ್ರೀಸ್ ಇರ್ತೈತಿ, ಹೆಂಗ ಬರೀಲಿ?"

"ಒರಸ್ಕೊಂಡು ಬರಿ. ಸಂತಿಯೊಳಗ ಕೂಗಿದಂಗ ಕೂಗಾಟ, ನಾಚಿಕಿ ಬರ್ತೈತಿ ನನಗ."

ಅವನು ಗೊಣಗಿಕೊಂಡೇ ಒಪ್ಪಿದ. ವಾರವೊಂದು ಚೆನ್ನಾಗಿಯೇ ಹೋಯಿತು. ನಾನು ಬೀಗಿದೆ.

ಅವತ್ತು ಮಧ್ಯಾಹ್ನ ಹಿಂದಿನ ಪರೀಕ್ಷೆ ಪಾಸಾಯಿತೋ ಇಲ್ಲವೋ ನೋಡಲು ಗುಂಪು ತೆರೆದೆ. ಅಣ್ಣನದೊಂದು ವಾಯ್ಸ್ ಮೆಸೇಜ್ ಬಂದಿತ್ತು, ನಾಲ್ಕು ಸೆಕೆಂಡಿನದು. ನಮ್ಮ ಕಡೆ ಫೋನಿನಲ್ಲಿ ಬರೆಯುವವರು ಯಾರಿದ್ದಾರೆ? ಮದುವೆ ಕರೆಯುವುದೂ ದನಿಯಲ್ಲೇ, ಜಗಳವೂ ದನಿಯಲ್ಲೇ. ಊಟಕ್ಕೆ ಕರೆದಿರುತ್ತಾನೆ ಎಂದುಕೊಂಡು ಒತ್ತಿ ಕೇಳಲಿಲ್ಲ. ನಾನು ಹಾಕಿದ ಕೊಂಡಿಗೆ ಅಕ್ಷರ ಮಾತ್ರ ತಿಳಿಯುತ್ತಿತ್ತು, ದನಿ ತಿಳಿಯುತ್ತಿರಲಿಲ್ಲ. ಅತ್ತ ತಿರುಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಸಹೋದ್ಯೋಗಿ, ಗುಂಪು ತೆರೆಯದೆ ಕೋಡ್ ಬರೆಯುವ ಕಿಟಕಿಯಿಂದಲೇ, ಅದಕ್ಕೆ "ಬಿಡು" ಎಂದು ಕಳಿಸಿದ.

ನೆಲ ನಡುಗಿತು. ಹಿಂದೆಯೇ ಅಣ್ಣನ ಕೂಗು.

ಮೆಟ್ಟಿಲು ಹಾರಿ ಇಳಿದೆ. ಬೆಲ್ಟು ಇನ್ನೂ ತಿರುಗುತ್ತಿತ್ತು, ಗೋಡೆಗೆ ಸಾಲಾಗಿ ರಕ್ತ ಸಿಡಿದಿತ್ತು. ಮೇನ್ ಸ್ವಿಚ್ ಇಳಿಸಿದೆ. ಬಲಗೈಯ ತೋರುಬೆರಳು, ನಡುಬೆರಳು ಬುಡದಿಂದಲೇ ಹೋಗಿದ್ದವು. ಅಣ್ಣ ಮೋಟಾರಿಗೆ ಒದ್ದ, ಟವೆಲ್ ಸುತ್ತಲು ಹೋದ ನನಗೂ ಒದ್ದ, ಗೋಡೆಗೆ ಹಣೆ ಚಚ್ಚಿಕೊಂಡ. ಎದುರಿನ ಹೋಟೆಲಿನವರು ಬಂದು ಅವನನ್ನು ಒತ್ತಿ ಹಿಡಿದ ಮೇಲೆಯೇ ಆಟೋದಲ್ಲಿ ಆಸ್ಪತ್ರೆಗೆ ಒಯ್ಯಲಾಯಿತು. ಬೆರಳು ಜಜ್ಜಿಹೋಗಿವೆ, ಕೂಡಿಸಲು ಬರುವುದಿಲ್ಲ ಎಂದರು ಡಾಕ್ಟರು.

ಸಂಜೆ ವಾಪಸ್ಸು ಬಂದಾಗ ಸಹೋದ್ಯೋಗಿ ಗೋಡೆಯ ರಕ್ತ ಒರೆಸುತ್ತಿದ್ದ. ನಾನು ಮೇಲಿನಿಂದ ಕೀಬೋರ್ಡ್ ತಂದು ಅವನ ಮುಖಕ್ಕೆ ಬೀಸಿದೆ. ಗುಂಡಿಗಳು ಚೆಲ್ಲಾಪಿಲ್ಲಿಯಾದವು, ತುಟಿ ಸೀಳಿತು.

"ಕಣ್ಣು ಕುರುಡೇನಲೇ ನಿಂದು?" ಎಂದು ಮತ್ತೆ ಬಾರಿಸಿದೆ. ಅವನು ಕೈ ಎತ್ತಲಿಲ್ಲ. ನನ್ನ ಉಸಿರು ಸೋತ ಮೇಲೆ ಫೋನ್ ಮುಂದೆ ಹಿಡಿದು ಅಣ್ಣನ ಮೆಸೇಜು ಒತ್ತಿದ.

"ತಡೀರಿ, ಬೆಲ್ಟ್‌ನ್ಯಾಗ ಕೈ ಹಾಕೀನಿ."

ಆ ಮೆಸೇಜನ್ನು ಮೋಟಾರು ತಿರುಗುವ ಮೊದಲು ಯಾರು ಕಂಡಿದ್ದರು ಎನ್ನುವುದೂ ಅದರ ಕೆಳಗಿತ್ತು. ಒಂದೇ ಹೆಸರು, ನನ್ನದು.

"ನಾನು ನೋಡಿದ್ದಿಲ್ರೀ ಅಕ್ಕಾರ" ಎಂದ ಅವನು, ಬಾಯಿಂದ ರಕ್ತ ಸೋರುತ್ತಿದ್ದಂತೆಯೇ. "ನೀವು ನೋಡಿದ್ರಿ. ಅಣ್ಣಾರಿಗೆ ಹೇಳಲ್ಲ ಬಿಡ್ರಿ."

ಅಲ್ಲಿಯೇ ಕೂತು ಕೊಂಡಿ ಕತ್ತರಿಸಿ ಹಾಕಿದೆ. ಆದರೆ ಅಣ್ಣನಿಗೆ ನಾನೂ ಹೇಳಲಿಲ್ಲ. ಸಹೋದ್ಯೋಗಿ ಊರಿನಿಂದಲೇ ಕೆಲಸ ಮಾಡಿದ. ಅಣ್ಣ ಬ್ಯಾಂಡೇಜ್ ಕಟ್ಟಿಕೊಂಡು ಕೂತಲ್ಲೇ "ಅವ ಕೂಡ್ಲಿಗಿಗೆ ಕಾಲಿಡ್ಲಿ, ಎರಡೂ ಕೈ ಮುರೀತೀನಿ" ಎನ್ನುತ್ತಿದ್ದ, ನಾನು ಅವನ ತಟ್ಟೆಗೆ ಅನ್ನ ಕಲಸಿ ಇಡುತ್ತಿದ್ದೆ. ಹೇಡಿ ನಾನು. ಹೊಡೆಯಲು ಇದ್ದ ಧೈರ್ಯ ಬಾಯಿ ಬಿಡಲು ಬರಲಿಲ್ಲ.

ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಸಹೋದ್ಯೋಗಿ ಕ್ಷಮೆ ಕೇಳಲೆಂದು ಬಂದ. ಅವನು ಬಸ್ಸಿಳಿದ ಸುದ್ದಿ ಅಂಗಡಿಗೆ ಮುಟ್ಟಿದ್ದೇ ತಡ, ಅಣ್ಣ ಎಡಗೈಯಲ್ಲಿ ಪೈಪ್ ಪಾನಾ ಹಿಡಿದು ನಡೆದ. ನಾನು ಹಿಂದೆ ಓಡಿದೆ. ಬಸ್ ನಿಲ್ದಾಣದ ಗೇಟಿನಲ್ಲಿ ಅಣ್ಣ ಪಾನಾ ಎತ್ತಿದ್ದ, ಹುಡುಗ ತಲೆ ತಗ್ಗಿಸಿ ನಿಂತಿದ್ದ, ತಪ್ಪಿಸಿಕೊಳ್ಳಲೂ ಇಲ್ಲ. ನಡುವೆ ನುಗ್ಗಿದೆ.

"ಅವನಲ್ಲ, ನಾನು! ನಿನ್ನ ಮೆಸೇಜ್ ಕಂಡೂ ಕೇಳಲಿಲ್ಲ ನಾನು. ಫ್ಯೂಸ್ ಕೀಳಬ್ಯಾಡ ಅಂದಾಕಿನೂ ನಾನ!"

ಪಾನಾ ಕೆಳಗೆ ಬಿತ್ತು. ಅಣ್ಣ ನನ್ನನ್ನೇ ನೋಡಿದ. ಆಮೇಲೆ ಬಲಗೈ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಬಾರಿಸಿದ. ನೋವಿಗೆ ಕಿರುಚಿದವನು ಅವನೇ. ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಅಂಗಡಿಯ ಕಡೆ ಹೋಗಿಬಿಟ್ಟ.

ನಾನು ನಿಲ್ದಾಣದ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಅಲ್ಲಿ ನಿಂತಿದ್ದ ಬಸ್ಸಿನ ಕನ್ನಡಿಯಲ್ಲಿ ನೋಡಿಕೊಂಡೆ. ಕೆನ್ನೆಯ ಮೇಲೆ ಮೂರೇ ಬೆರಳು ಮೂಡಿದ್ದವು.